ಬ್ರಬಾಂಟ್ ಕಂಪನಿಯ ನೀಲಿ

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ನಾನು ಮೂವತ್ತೊಂದು ವರ್ಷ ಬಣ್ಣ ಬಳಿದವನು. ಓದಿದ್ದು ನಾಲ್ಕನೆಯ ಇಯತ್ತೆ. ೧೯೯೬ರಲ್ಲಿ ಪರದೇಶದ ಫೋರ್ಟ್ ಮಿಲ್ ಊರಿಗೆ, ಮಗಳು ನಮ್ರತಾಳ ಮನೆಗೆ ಆರು ತಿಂಗಳಿಗೆಂದು ಹೋದಾಗ ಅವಳು ನನ್ನ ಬಣ್ಣದ ಕೆಲಸದ ಸುದ್ದಿಯನ್ನು ಪಕ್ಕದ ಮನೆಯ ಯಾನ್‌ಗೆ ಹೇಳಿಬಿಟ್ಟಳು.

ಯಾನ್ ಹಾಲೆಂಡಿನವನು, ನನ್ನದೇ ವಯಸ್ಸು. ಅವನ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಹಲಗೆಯ ತುಂಬ ಅವನೇ ಮಾಡಿದ ಗೇಣುದ್ದದ ಮಾಡೆಲ್ ರೈಲುಗಳು. ಅವನ ದೇಶದಲ್ಲಿ ಹಿಂದೆ ಒಂದೊಂದು ರೈಲು ಕಂಪನಿಗೂ ತನ್ನದೇ ಬಣ್ಣವಿತ್ತಂತೆ. ಹಸಿರು ಇಂಜಿನ್ನುಗಳಿಗೆಲ್ಲ ಬಣ್ಣ ಹಚ್ಚಿ ಮುಗಿಸಿದ್ದ. ಉಳಿದದ್ದು ಬ್ರಬಾಂಟ್ ಸೀಮೆಯ ಕಂಪನಿಯ ನೀಲಿ ಇಂಜಿನ್. ಅವನ ಹತ್ತಿರವಿದ್ದ ಫೋಟೋಗಳೆಲ್ಲ ಕಪ್ಪು-ಬಿಳುಪು. ಎಂಥ ನೀಲಿ ಎಂದು ಅವು ಹೇಳುವುದಿಲ್ಲ. ಆದರೆ ಅವನ ಅಜ್ಜ ಅಂಥ ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್. ಅದನ್ನು ಗುಜರಿಗೆ ಹಾಕುವಾಗ ಹೆಬ್ಬೆರಳಗಲದ ತಗಡೊಂದನ್ನು ತಂದಿಟ್ಟುಕೊಂಡಿದ್ದನಂತೆ. ಅದರ ಮೇಲೆಲ್ಲ ಆಮೇಲೆ ಬಳಿದ ಹಸಿರು. ಅಂಚಿನಲ್ಲಿ ಮಾತ್ರ ಉಗುರಿನಷ್ಟು ನೀಲಿ.

"ಅಪ್ಪಾ, ಈ ನೀಲಿ ಕಲಸಿಕೊಡ್ತೀರೇನು ಅಂತ ಕೇಳಾಕತ್ತಾರ," ಎಂದಳು ನಮ್ರತಾ. "ಶನಿವಾರ ಶಾರ್ಲೆಟ್ ಊರಾಗ ಇವರ ಮಾಡೆಲ್ ರೈಲಿನ ಶೋ ಐತಿ."

"ಅದೇನು ದೊಡ್ಡದು? ಪದರು ನೋಡಿ ಬಣ್ಣದ ವಯಸ್ಸೂ ಹೇಳ್ತೀನಿ ಅನ್ನು."

ಯಾನ್ ತಗಡನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ನೀಲಿಗೆ ಜಿಡ್ಡು ಹತ್ತಿತ್ತು. ಮಾಸಿದ ಬಣ್ಣವನ್ನು ನಂಬಬಾರದು, ಪಾಲಿಶ್ ಪೇಪರ್ ನೀರಿಗೆ ಅದ್ದಿ ಉಜ್ಜಿ ಒಳಗಿನದನ್ನು ನೋಡಬೇಕು; ಇದು ವರ್ಕ್‌ಶಾಪಿನ ರೂಢಿ. ಆದರೆ ಅಲ್ಲಿ ನನ್ನ ಮುಂದೆ ಇಡೀ ಬೋಗಿ ಇರುತ್ತಿತ್ತು. ಒಂದು ಕಡೆ ಹೆಚ್ಚು ಉಜ್ಜಿದರೆ ಇನ್ನೊಂದು ಕಡೆ ಬಣ್ಣ ಸಿಗುತ್ತಿತ್ತು. ಉಜ್ಜಿದೆ. ಮೇಲಿನ ಹಸಿರೆಲ್ಲ ಹೋಗಿ ಕೆಳಗಿನ ನೀಲಿ ಮಿಂಚಿತು. ಇನ್ನೊಂಚೂರು ಎಂದು ಕೈಯಾಡಿಸಿದೆ. ನೀಲಿಯೂ ಹೋಗಿ ಬರೀ ತಗಡು ಉಳಿಯಿತು.

ಕಣ್ಣಲ್ಲಿ ನಿಂತಿದೆ ಎಂದುಕೊಂಡು ಕಲಸಿದೆ. ಒಣಗಿದ ಮೇಲೆ ನೋಡಿದರೆ ನಮ್ಮ ವರ್ಕ್‌ಶಾಪಿನ ನೀರಿನ ಡ್ರಮ್ಮಿನ ನೀಲಿ. ಯಾನ್ ಅದನ್ನೇ ಇಂಜಿನ್ನಿಗೆ ಬಳಿದು, ಇದೇ ಏನು ಎಂಬಂತೆ ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಅವನು ಕಣ್ಣೊರೆಸಿಕೊಂಡ. ತಗಡು ನನ್ನ ಜೇಬಿನಲ್ಲೇ ಇತ್ತು.

ಗುರುವಾರ ನಮ್ರತಾ ಹಿಗ್ಗಿ ಬಂದಳು. "ಅಪ್ಪಾ, ಯಾವ ಬಣ್ಣ ಎಷ್ಟೆಷ್ಟು ಹಾಕಿದ್ರಿ ಬರಸ್ರಿ. ಹಾಲೆಂಡಿನ ಕ್ಲಬ್ಬಿಗೆ ಕಳಸ್ತಾರಂತ. ಇನ್ನ ಎಲ್ಲಾರೂ ನಿಮ್ಮ ನೀಲೀನ ಹಚ್ಚೋದು. ಫೇಮಸ್ ಆದ್ರಿ!"

ಮುರಿದ ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ತಗಡು ತೆಗೆದು ಅವಳ ಮುಂದಿಟ್ಟೆ.

"ನೀಲಿ ಎಲ್ಲೈತಿ?"

"ನಾನ ಉಜ್ಜಿ ತಗದೀನಿ. ಹೇಳಿ ಬರೂಣು ನಡಿ."

"ನಾ ಹೆಂಗ ಹೇಳ್ಲಿ ಅಪ್ಪಾ? ನಮ್ಮಪ್ಪ ಎಕ್ಸ್‌ಪರ್ಟ್ ಅಂತ ಹೇಳಿದಾಕಿ ನಾನ."

"ನನಗ ಇಂಗ್ಲಿಷ್ ಬರ್ತಿದ್ರ ನಿನ್ನ ಕರೀತಿದ್ದಿಲ್ಲವ್ವಾ."

ಯಾನ್‌ನ ಗ್ಯಾರೇಜಿನಲ್ಲಿ ಅವಳು ನೆಲ ನೋಡುತ್ತ ಎಲ್ಲ ಹೇಳಿದಳು. ಯಾನ್ ಬೈಯಲಿಲ್ಲ. ತಗಡನ್ನು ಒಮ್ಮೆ ತಿರುಗಿಸಿ ನೋಡಿ ಅಂಗಿಯ ಜೇಬಿಗೆ ಹಾಕಿಕೊಂಡು ಏನೋ ಕೇಳಿದ.

"ಹಂಗಾದ್ರ ಇಂಜಿನ್ನಿಗೆ ಹಚ್ಚಿದ್ದು ಯಾವ ನೀಲಿ ಅಂತಾರ."

"ಹುಬ್ಬಳ್ಳಿ ನೀರಿನ ಡ್ರಮ್ಮಿಂದು."

ನಮ್ರತಾ ಅದನ್ನೂ ಹೇಳಿದಳು.

ಶನಿವಾರ ಬರಲಾರೆ ಎಂದೆ, ಅವಳು ಬಿಡಲಿಲ್ಲ. ಹಸಿರು ಇಂಜಿನ್ನುಗಳ ಸಾಲಿನ ಕೊನೆಗೆ ಅದು ನಿಂತಿತ್ತು. ನನ್ನ ನೀಲಿಯನ್ನು ಪೂರ್ತಿ ತೆಗೆದು, ಬಣ್ಣಕ್ಕೆ ಮೊದಲು ಬಳಿಯುವ ಕೆಂಪು ಪ್ರೈಮರ್ ಮಾತ್ರ ಹಚ್ಚಿ ಯಾನ್ ತಂದಿದ್ದ. ಜನ ಬಗ್ಗಿ ನೋಡಿ ಏನೇನೋ ಕೇಳುತ್ತಿದ್ದರು. ಯಾನ್ ಒಮ್ಮೆಯೂ ನನ್ನತ್ತ ಬೆರಳು ತೋರಿಸಲಿಲ್ಲ. ತೋರಿಸಿದ್ದರೆ ಹಗುರಾಗುತ್ತಿತ್ತೇನೋ.

ಮೂವತ್ತೊಂದು ವರ್ಷದಲ್ಲಿ, ಬರೀ ಪ್ರೈಮರಿನಲ್ಲಿ ಒಂದು ಇಂಜಿನ್ನೂ ನನ್ನ ಕೈಯಿಂದ ಹೊರಗೆ ಹೋದದ್ದಿಲ್ಲ.