ಹಗಲಿನಲ್ಲಿ ಹೊತ್ತಿದ ದೀಪ

ಟಕ್.

ಅಷ್ಟೇ ಸದ್ದು. ನಿದ್ದೆ ಬಾರದೆ ಹೊರಳಾಡುತ್ತಿದ್ದ ಬ್ರೂರಿಯಾ ಎದ್ದು ಕೂತಳು. ಶುಕ್ರವಾರದ ರಾತ್ರಿ. ಸೂರ್ಯ ಮುಳುಗಿ ಯೆಹೂದಿಗಳ ವಿಶ್ರಾಂತಿಯ ದಿನ ಶಬ್ಬಾತ್ ಶುರುವಾದ ಮೇಲೆ ಮನೆಯಲ್ಲಿ ಯಾರೂ ಯಾವ ಸ್ವಿಚ್ಚನ್ನೂ ಮುಟ್ಟುವಂತಿಲ್ಲ. ಮಗಳ ಕೋಣೆಯ ದೀಪ ತಾನಾಗಿ ಆರಬೇಕಾದದ್ದು ಹನ್ನೊಂದಕ್ಕೆ. ಬೀರುವಿನ ಹಿಂದಿರುವ ಟೈಮರನ್ನು ಅವಳೇ ಹಾಗೆ ಇಟ್ಟಿದ್ದಳು. ಹಜಾರದ ಗಡಿಯಾರದಲ್ಲಿ ಇನ್ನೂ ಹತ್ತು ಗಂಟೆ. ಆದರೆ ಮಗಳ ಬಾಗಿಲ ಸಂದಿಯಲ್ಲಿ ಬೆಳಕಿರಲಿಲ್ಲ.

ಒಳಗೆ ಎಂಟು ವರ್ಷದ ತಿರ್ಜಾ ಮೇಜಿನ ಪಕ್ಕ ನಿಂತಿದ್ದಳು. ಕೈ ದೀಪದ ಹತ್ತಿರವೇ ಇತ್ತು.

"ಆರಿಸಿದ್ಯಾ?"

"ಇಲ್ಲ ಇಮಾ. ಓದ್ತಾ ಇದ್ದೆ, ಅದೇ ಹೋಯ್ತು."

"ಅದೇ ಹೋಗಕ್ಕೆ ಅದಕ್ಕೇನು ಕಾಲಿದ್ಯಾ?"

ಬ್ರೂರಿಯಾ ದನಿ ಏರಿಸಲಿಲ್ಲ. ಪ್ರತಿ ಮಂಗಳವಾರ ಸಂಜೆ ತನ್ನ ಊಟದ ಮೇಜಿನ ಸುತ್ತ ಬಂದು ಕೂರುವ ಹನ್ನೆರಡು ತಾಯಂದಿರಿಗೆ ಅವಳು ಹೇಳಿಕೊಡುವುದೂ ಅದನ್ನೇ. ಕೂಗಾಡಬೇಡಿ, ನಿಜ ಹೇಳಲು ಮಗುವಿಗೆ ಸಮಯ ಕೊಡಿ. ಮಂಚದ ಅಂಚಿನಲ್ಲಿ ಕೂತು ಮಗಳನ್ನು ಹತ್ತಿರ ಎಳೆದುಕೊಂಡಳು.

"ನಾನು ಬಯ್ಯಲ್ಲ ಪುಟ್ಟಿ. ನಿಜ ಹೇಳಿದ್ರೆ ಸಾಕು."

"ನಿಜಾನೇ ಹೇಳ್ತಿರೋದು."

"ಕಾಯ್ತೀನಿ. ನಂಗೇನೂ ಅವಸರ ಇಲ್ಲ."

ಕಾದಳು. ತಣ್ಣನೆಯ ನೆಲದ ಮೇಲೆ ಮಗು ಒಂದು ಪಾದದ ಮೇಲೆ ಇನ್ನೊಂದನ್ನು ಇಟ್ಟುಕೊಂಡಿತು, ಬದಲಿಸಿತು, ಮತ್ತೆ ಬದಲಿಸಿತು.

"ಹೂಂ. ನಾನೇ."

ಬ್ರೂರಿಯಾ ಅವಳ ಹಣೆಗೆ ಮುತ್ತಿಟ್ಟಳು. "ನೋಡು, ಈಗ ಎಷ್ಟು ಹಗುರ ಆಯ್ತು!"

ಹಾಸಿಗೆಗೆ ಮರಳಿದವಳು ಮಂಗಳವಾರ ಇದನ್ನು ಹೇಗೆ ಹೇಳಬೇಕೆಂದು ಜೋಡಿಸಿಕೊಂಡಳು. ಶಬ್ಬಾತ್ ದಿನ ಬರೆಯುವಂತಿಲ್ಲ. ಒಂದು ಮಾತೂ ಮರೆಯಬಾರದೆಂದು ಮನಸ್ಸಿನಲ್ಲೇ ಮೂರು ಸಲ ಹೇಳಿಕೊಂಡು ಮಲಗಿದಳು.

ಮರುದಿನ ಊಟಕ್ಕೆ ಕೂತಾಗ ಗಂಡ ಎಲ್ಕಾನಾ ಮಗಳ ತಟ್ಟೆಯತ್ತ ಬಗ್ಗಿದ. "ಏನು ರಾಣಿಯವರೇ, ಬಾಯಿಗೆ ಬೀಗವೋ? ನಿಮ್ಮ ಮೊಟ್ಟೆ ಕದೀತಿದೀನಿ, ಜಗಳ ಇಲ್ವಾ?"

"ತಗೋ ಅಬ್ಬಾ," ಎಂದು ತಿರ್ಜಾ ತಟ್ಟೆಯನ್ನೇ ಅಪ್ಪನ ಕಡೆ ಸರಿಸಿದಳು.

ಮಧ್ಯಾಹ್ನ ಮೂರಕ್ಕೆ, ಎಲ್ಕಾನಾ ಗೊರಕೆ ಹೊಡೆಯುತ್ತಿದ್ದಾಗ, ಬ್ರೂರಿಯಾ ಕಿತ್ತಳೆ ತೊಳೆಗಳ ತಟ್ಟೆ ಹಿಡಿದು ಮಗಳ ಕೋಣೆಗೆ ಬಂದಳು. ತಿರ್ಜಾ ನೆಲದಲ್ಲಿ ಕೂತು ಐದು ಕಲ್ಲಿನ ಆಟ ಆಡುತ್ತಿದ್ದಳು.

ಟಕ್.

ಮೇಜಿನ ಮೇಲಿನ ದೀಪ ಹೊತ್ತಿಕೊಂಡಿತು.

ಟೈಮರಿನ ಪ್ರಕಾರ ಅದು ಹೊತ್ತಬೇಕಾದದ್ದು ನಾಲ್ಕಕ್ಕೆ. ಬ್ರೂರಿಯಾ ತಟ್ಟೆ ಹಿಡಿದೇ ನಿಂತಳು. ಕಳೆದ ಭಾನುವಾರ ಚಳಿಗಾಲಕ್ಕೆಂದು ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಹಿಂದಕ್ಕೆ ಸರಿದಿದ್ದವು. ಕುರ್ಚಿ ಹತ್ತಿ ಹಜಾರದ ಗಡಿಯಾರ ತಿರುಗಿಸಿದ್ದಳು, ಒಲೆಯದ್ದನ್ನು ಸರಿಮಾಡಿದ್ದಳು, ಗಂಡನ ಅಲಾರಂ ಕೂಡ. ಬೀರುವಿನ ಹಿಂದಿನದು ನೆನಪೇ ಆಗಿರಲಿಲ್ಲ. ಹತ್ತು ಗಂಟೆಯನ್ನು ಅದು ಹನ್ನೊಂದು ಎಂದುಕೊಂಡಿತ್ತು. ಮಗಳು ನಿನ್ನೆ ದೀಪದ ಸ್ವಿಚ್ಚನ್ನೇ ಆರಿಸಿದ್ದರೆ ಟೈಮರು ಏನೇ ಮಾಡಿದರೂ ಅದು ಈಗ ಹೊತ್ತುತ್ತಲೇ ಇರಲಿಲ್ಲ.

"ತಿರ್ಜಾ..."

ಮಗು ತಲೆ ಎತ್ತಲಿಲ್ಲ. "ನೀನು ಹೋಗ್ತಾನೇ ಇರ್ಲಿಲ್ಲ ಇಮಾ. ಅದಕ್ಕೇ ಹೇಳ್ದೆ. ಶಬ್ಬಾತ್ ದಿನಾನೇ ಸುಳ್ಳು ಹೇಳ್ಬಿಟ್ಟೆ." ಒಂದು ಕಲ್ಲನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. "ಅಬ್ಬಂಗೆ ಹೇಳ್ಬೇಡ."

ತಪ್ಪು ನಿನ್ನದಲ್ಲ, ನನ್ನದು. ಎಷ್ಟೋ ತಾಯಂದಿರ ಬಾಯಲ್ಲಿ ಅವಳೇ ಹೇಳಿಸಿದ್ದ ಮಾತು. ಈಗ ಅದನ್ನು ಹೇಳುವ ಬದಲು ತಟ್ಟೆಯನ್ನು ಮಗಳ ಪಕ್ಕ ನೆಲದ ಮೇಲಿಟ್ಟಳು.

"ಇಲ್ಲ," ಎಂದಳು ಬ್ರೂರಿಯಾ. "ಯಾರಿಗೂ ಹೇಳಲ್ಲ."

"ಮಂಗಳವಾರದ ಆಂಟಿಗಳಿಗೂ?"

"ಅವ್ರಿಗೂ."

ತಿರ್ಜಾಳ ಭುಜ ಸಡಿಲವಾಯಿತು. ಒಂದು ಕಿತ್ತಳೆ ತೊಳೆ ಬಾಯಿಗೆ ಹಾಕಿಕೊಂಡು ಕಲ್ಲನ್ನು ಮೇಲಕ್ಕೆ ಹಾರಿಸಿದಳು.

ಸಂಜೆ ನಕ್ಷತ್ರಗಳು ಮೂಡಿ ಶಬ್ಬಾತ್ ಮುಗಿಯುವವರೆಗೆ ದೀಪ ಆರಿಸುವಂತಿರಲಿಲ್ಲ. ಬ್ರೂರಿಯಾ ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿದಳು. ಬಿಸಿಲು ಮೇಜಿನವರೆಗೂ ಬಂತು. ಆದರೂ ದೀಪ ಕಾಣುತ್ತಲೇ ಇತ್ತು.