ದರ್ಜಿಯ ಟ್ರಕ್ಕಿನ ಹೊಲಿಗೆ

"ಹೂಂ, ಇನ್ನೊಂದ್ಸಲ!" ಎಂದು ಡ್ರೈವರ್ ಕೂಗಿದ. ಗ್ಯಾರೇಜ್ ಮೇಸ್ತ್ರಿ ಶವದ ವ್ಯಾನಿಗೆ ಭುಜ ಕೊಟ್ಟು ನೂಕಿದ. ಹಿಂದಿನ ಚಕ್ರ ನಿಂತಲ್ಲೇ ಗಿರ್ರನೆ ತಿರುಗಿ ನೂಕುವವರ ಮುಖಕ್ಕೆಲ್ಲ ಕೆಸರು ಎರಚಿತು. ಸ್ಮಶಾನದ ಏರು ಇನ್ನೂ ಮುಕ್ಕಾಲು ಪಾಲು ಬಾಕಿ ಇತ್ತು. ಒಳಗೆ ಪೆಟ್ಟಿಗೆಯಲ್ಲಿ ದರ್ಜಿ ಮಲಗಿದ್ದ. ಬದುಕಿದ್ದಾಗ ಇಂಥ ಏರು ಕಂಡರೆ ತೋಳು ಮಡಚಿಕೊಂಡು ನಗುತ್ತಿದ್ದ ಮನುಷ್ಯ.

ಮೇಸ್ತ್ರಿ ಮುಖ ಒರೆಸಿಕೊಂಡು ಪಕ್ಕದವನನ್ನು ನೋಡಿದ. ಬೀದಿಯವರೆಲ್ಲ ಕಿಡಿ ಎಂದು ಕರೆಯುವ ವೆಲ್ಡರ್. ಮೇಸ್ತ್ರಿಯ ಗ್ಯಾರೇಜಿನ ಎದುರಿಗೇ ಅವನ ಶೆಡ್ಡು. ಒಂದೇ ಕಸುಬು, ಒಂದೇ ಬೀದಿ. ಇನ್ನು ಮಾತುಕತೆ ಎಲ್ಲಿಂದ ಬರಬೇಕು? ದರ್ಜಿಯ ಸಾವಿಗೆ ಇವನೇಕೆ ಬಂದ ಎಂದು ಮೇಸ್ತ್ರಿಗೆ ಬೆಳಗಿನಿಂದ ಕಸಿವಿಸಿ. ಈಗ ನೋಡಿದರೆ ಅವನ ಅಂಗಿಗೆ ಎರಡು ಜೇಬು: ಒಂದು ಎಲ್ಲರಿಗೂ ಇರುವಂಥದ್ದು, ಅದರ ಮಗ್ಗುಲಿಗೆ ಸಣ್ಣ ಟಾರ್ಚ್ ನಿಲ್ಲಿಸಿಕೊಳ್ಳಲು ಇನ್ನೊಂದು. ಮೇಸ್ತ್ರಿ ತಲೆ ಬಗ್ಗಿಸಿ ತನ್ನ ಎದೆಯನ್ನು ನೋಡಿಕೊಂಡ. ಅಲ್ಲೂ ಅದೇ.

ಕಿಡಿ ತಟ್ಟನೆ ಜೇಬಿನ ಮೇಲೆ ಕೈ ಇಟ್ಟುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

*

ದರ್ಜಿ ತನ್ನ ಹಳೇ ಟ್ರಕ್ಕನ್ನು ಹರಾಜಿನಲ್ಲಿ ಹಿಡಿದು ತಂದಾಗ, ನಾಲ್ಕು ಚಕ್ರವೂ ಎಳೆಯುತ್ತವೆ ಎನ್ನುವುದೊಂದು ಬಿಟ್ಟರೆ ಅದರಲ್ಲಿ ಹೊಗಳುವಂಥದ್ದೇನೂ ಉಳಿದಿರಲಿಲ್ಲ. ವಾರವಿಡೀ ಮಿಷಿನ್ನಿನ ಮುಂದೆ ಬೆನ್ನು ಬಗ್ಗಿಸಿ ಕೂರುವವನಿಗೆ ರಜೆ ಬಂದರೆ ಗುಡ್ಡ ಹತ್ತುವ ಹುಚ್ಚು. ಅದೂ ರಸ್ತೆ ಇಲ್ಲದ ಗುಡ್ಡ.

"ಹೊಸ ಸಾಮಾನು ಹಾಕಿಸೋಕೆ ಹೋದ್ರೆ ಅಂಗಡಿ ಮಾರ್ಬೇಕಾಗುತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚಪ್ಪ," ಎಂದಿದ್ದ ಮೇಸ್ತ್ರಿ.

"ನಾನು ದರ್ಜಿ ಕಣೋ. ತುಂಡು ಸೇರಿಸಿ ಹಾಸಿಗೇನೇ ಉದ್ದ ಮಾಡೋಣ."

ಹಾಗೇ ಮಾಡಿದರು. ಗುಜರಿ ಲಾರಿಯ ಸ್ಪ್ರಿಂಗ್ ಪಟ್ಟಿ ಸೇರಿಸಿ ಟ್ರಕ್ಕನ್ನು ನಾಲ್ಕು ಬೆರಳು ಎತ್ತರಿಸಿದರು. ಯಾರೋ ಬಿಚ್ಚಿ ಹಾಕಿದ ದಪ್ಪ ಹಲ್ಲಿನ ಟೈರುಗಳು ಬಂದವು. ನೀರಿನ ಪೈಪು ಬಂಪರ್ ಆಯಿತು. ಇಂಜಿನ್ನಿನ ಹೊಟ್ಟೆಗೆ ಕಲ್ಲು ತಾಗದಿರಲಿ ಎಂದು ಅಡಿಗೊಂದು ದಪ್ಪ ತಗಡು. ವೆಲ್ಡಿಂಗ್ ಎಲ್ಲ ಮೇಸ್ತ್ರಿಯದೇ. ದರ್ಜಿಯ ಬಾಯಲ್ಲಿ ಅದು ಹೊಲಿಗೆ. ಟ್ರಕ್ಕಿನಡಿ ತೂರಿಕೊಂಡು, "ಆಹಾ, ಇದಪ್ಪ ಹೊಲಿಗೆ ಅಂದ್ರೆ!" ಎಂದು ಕೂಗುತ್ತಿದ್ದ. ಕಟ್ಟಿಕೊಂಡ ಹೆಂಡತಿಯೂ ಮೇಸ್ತ್ರಿಯ ಕೆಲಸವನ್ನು ಅಷ್ಟು ಹೊಗಳಿರಲಿಲ್ಲ.

ಕೂಲಿಯ ಬದಲು ಅಂಗಿ ಹೊಲಿದು ಕೊಡುತ್ತಿದ್ದ. "ಈ ಎರಡನೇ ಜೇಬು ನಿನಗೋಸ್ಕರಾನೇ ಯೋಚನೆ ಮಾಡಿ ಇಟ್ಟಿದ್ದು. ಇನ್ಯಾರಿಗೂ ಹೀಗೆ ಹೊಲಿಯಲ್ಲ," ಎಂದಿದ್ದ. ಮೇಸ್ತ್ರಿ ಆ ಮಾತನ್ನು ನಂಬಿದ್ದ.

*

"ಈ ವ್ಯಾನು ಹತ್ತಲ್ಲ. ಮನೆ ಹತ್ರ ಅವರ ಟ್ರಕ್ಕೇ ಇದೆಯಲ್ಲ, ಅದನ್ನೇ ತನ್ನಿ," ಎಂದಳು ದರ್ಜಿಯ ಹೆಂಡತಿ.

ಮೇಸ್ತ್ರಿ ಓಡಿದ. ಟ್ರಕ್ಕು ಇನ್ನು ತನ್ನ ಪಾಲಿಗೇ ಬರುತ್ತದೆಂದು ಬೆಳಿಗ್ಗೆಯೇ ಗ್ಯಾರೇಜಿನಲ್ಲಿ ಜಾಗ ಖಾಲಿ ಮಾಡಿ ಬಂದಿದ್ದ. ಸಾವಿನ ದಿನ ಹೀಗೆ ಯೋಚಿಸಬಾರದು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಯೋಚಿಸಿದ್ದ.

ಗುಡ್ಡದ ಬುಡಕ್ಕೆ ತಂದು ನಿಲ್ಲಿಸಿ, ನಾಲ್ಕೂ ಚಕ್ರ ಎಳೆಯಲೆಂದು ಮುಂದಿನ ಚಕ್ರಗಳ ನಟ್ಟನಡುವೆ ಇರುವ ಗುಂಡಿಗಳನ್ನು ತಿರುಗಿಸಿ ಲಾಕ್ ಮಾಡಿದ. ಭಾರ ಹೇರುವ ಮುಂಚೆ ಒಮ್ಮೆ ನೋಡಿಬಿಡೋಣವೆಂದು ಟಾರ್ಚ್ ತೆಗೆದು ಅಡಿಗೆ ತೂರಿದ. ಸ್ಪ್ರಿಂಗ್ ಹಿಡಿದಿರುವ ಕೊಂಡಿಯ ಮೇಲೆ ಬೆಳಕು ನಿಂತಿತು.

ಅದು ಅವನ ಹೊಲಿಗೆಯಲ್ಲ. ಅವನದು ಹುರಿಯಂತೆ ದಪ್ಪ. ಇದು ಸಣ್ಣಗೆ, ಸಮವಾಗಿ ಕೂತಿತ್ತು. ಅವನದನ್ನು ಉಜ್ಜಿ ತೆಗೆದು ಅದೇ ಜಾಗದಲ್ಲಿ ಬೇರೆ ಯಾರೋ ಹಾಕಿದ್ದರು. ಇನ್ನೊಂದು ಕೊಂಡಿ ನೋಡಿದ, ತಗಡಿನ ಅಂಚು ನೋಡಿದ. ಎಲ್ಲ ಕಡೆಯೂ ಅದೇ ಕೈ. ಎದುರು ಶೆಡ್ಡಿನ ಕೈ. ಕೆಟ್ಟದಾಗಿದ್ದರೆ ಹೇಗೋ ಸಹಿಸಬಹುದಿತ್ತು, ಹಾಳಾದ್ದು, ಚೆನ್ನಾಗಿತ್ತು.

ಅಡಿಯಿಂದ ಹೊರಗೆ ಬಂದಾಗ ವ್ಯಾನಿನ ಡ್ರೈವರ್ ಕೇಳಿದ: "ಇಷ್ಟು ಹಳೇ ಗಾಡಿ, ಭಾರ ತಡಿಯುತ್ತಾ? ಯಾರ ಕೆಲಸ ಇದು?"

ಮೇಸ್ತ್ರಿ ಅಂಗಿಯ ಕೆಸರು ಕೊಡವಿಕೊಳ್ಳತೊಡಗಿದ.

"ಮೇಸ್ತ್ರಿ ಕೈಕೆಲಸ," ಎಂದ ಕಿಡಿ. "ತಡಿಯುತ್ತೆ."

ಅಣಕಿಸುತ್ತಿದ್ದಾನೆ ಎಂದುಕೊಂಡ ಮೇಸ್ತ್ರಿ. ಜನ ಇರದಿದ್ದರೆ ಕೆನ್ನೆಗೆ ಎರಡು ಬಿಡುತ್ತಿದ್ದನೋ ಏನೋ.

ಪೆಟ್ಟಿಗೆಯನ್ನು ಟ್ರಕ್ಕಿಗೆ ಏರಿಸಿದರು. ಅದು ಜಾರದಂತೆ ಹಿಡಿದುಕೊಂಡು ಕಿಡಿ ಹಿಂದೆ ಕೂತ. ಮುಂದೆ ಮೇಸ್ತ್ರಿಯ ಪಕ್ಕದಲ್ಲಿ ದರ್ಜಿಯ ಹೆಂಡತಿ. ಟ್ರಕ್ಕು ಕೆಸರನ್ನು ಕಚ್ಚಿ ನಿಧಾನವಾಗಿ ಹತ್ತತೊಡಗಿತು.

"ಅತ್ತಿಗೆ," ಎಂದ ಮೇಸ್ತ್ರಿ, ದಾರಿಯ ಮೇಲಿನ ಕಣ್ಣು ತೆಗೆಯದೆ. "ಎದುರು ಶೆಡ್ಡಿನವನ ಹತ್ರ ಯಾವಾಗಿಂದ ಹೋಗ್ತಿದ್ದ?"

ಅವಳು ಹಿಂದಕ್ಕೆ ತಿರುಗಿ ಪೆಟ್ಟಿಗೆಯನ್ನು ನೋಡಿದಳು. "ನಿಮ್ಮ ಕೈ ನಡುಗೋಕೆ ಶುರುವಾದಾಗಿಂದ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಸ್ಟಿಯರಿಂಗ್ ಹಿಡಿದ ಬಲಗೈ ಅವರಿಬ್ಬರ ಕಣ್ಣೆದುರಿಗೇ ಅದುರುತ್ತಿತ್ತು. ಅದು ಬೇರೆ ಯಾರಿಗೂ ಕಾಣುವುದಿಲ್ಲವೆಂದು ಅವನು ನಂಬಿಕೊಂಡಿದ್ದ.

"ಒಂದ್ಸಲ ಗುಡ್ಡದ ಮೇಲೆ ಹೊಲಿಗೆ ಬಿಟ್ಟು ಗಾಡಿ ಮಗುಚೋದ್ರಲ್ಲಿತ್ತು. ನಾನೂ ಇದ್ದೆ. ಬೇರೆಯವರ ಹತ್ರ ಮಾಡಿಸಿ ಅಂದೆ, ಕೇಳ್ಲಿಲ್ಲ. ಮೇಸ್ತ್ರಿ ಹಾಕಿದ್ದನ್ನ ಇನ್ನೊಬ್ರ ಹತ್ರ ಗಟ್ಟಿ ಮಾಡಿಸ್ಕೋತೀನಿ, ಅವನನ್ನ ಮಾತ್ರ ಬಿಡಲ್ಲ ಅಂದ್ರು. ಯಾರಿಗೂ ಹೇಳಲ್ಲ ಅಂತ ಕಿಡಿ ಮಾತು ಕೊಟ್ಟಿದ್ದ. ಕೂಲೀನೂ ಮುಟ್ಲಿಲ್ಲ. ಅದಕ್ಕೇ ಆ ಅಂಗಿ."

ಮೇಸ್ತ್ರಿ ಗೇರು ಬದಲಿಸಿದ. ಅವಮಾನಕ್ಕಿಂತ ಹೆಚ್ಚಾಗಿ ಉರಿದದ್ದು ಇದು: ತನಗೆ ಗೊತ್ತಿಲ್ಲದ ಗುಟ್ಟೊಂದು ದರ್ಜಿಗೂ ಕಿಡಿಗೂ ನಡುವೆ ಇಷ್ಟು ವರ್ಷ ಬದುಕಿತ್ತು.

*

ಮಣ್ಣು ಮಾಡಿ ಇಳಿದು ಬಂದ ಮೇಲೆ ಅವಳು ಕೀಲಿಯನ್ನು ಮೇಸ್ತ್ರಿಯ ಕೈಗೇ ಇಟ್ಟಳು. "ನಿಮಗೇ ಕೊಡ್ಬೇಕು ಅಂತಿದ್ರು."

ಸಂಜೆ ಟ್ರಕ್ಕು ಬೀದಿಗೆ ಬಂತು. ಎಡಕ್ಕೆ ಮೇಸ್ತ್ರಿಯ ಗ್ಯಾರೇಜು, ಖಾಲಿ ಮಾಡಿಟ್ಟ ಜಾಗ. ಅವನು ಬಲಕ್ಕೆ ತಿರುಗಿಸಿ ಕಿಡಿಯ ಶೆಡ್ಡಿನೊಳಗೇ ತಂದು ನಿಲ್ಲಿಸಿದ. ಕಿಡಿ ಗಾಬರಿಯಾಗಿ ಎದ್ದು ಬಂದ.

ಮೇಸ್ತ್ರಿ ಟಾರ್ಚ್ ತೆಗೆದು ಬಂಪರಿನ ಮೂಲೆಗೆ ಬಿಟ್ಟ. "ಇಲ್ಲಿ ನೋಡು, ಬಿರುಕು ಬಿಟ್ಟಿದೆ. ಈ ಹೊಲಿಗೆ ಒಂದು ನಂದೇ ಉಳ್ಕೊಂಡಿದೆ. ಇದನ್ನೂ ಹಾಕ್ಬಿಡು."

"ಹಾಕಿ ಅಲ್ಲಿಗೇ ತಂದು ಬಿಡ್ತೀನಿ."

"ಬೇಡ, ಇಲ್ಲೇ ಇರ್ಲಿ. ಹಾರ್ನ್ ಮಾತ್ರ ನಾನು ಹಾಕಿದ್ದು. ಅದನ್ನ ಮುಟ್ಟಿದ್ರೆ ನೋಡು."

ಕಿಡಿ ಬಗ್ಗಿ ತನ್ನ ಟಾರ್ಚಿನಿಂದಲೂ ಒಮ್ಮೆ ನೋಡಿದ. ಎದ್ದು, ಒಂದು ಕೈಯಿಂದ ಎರಡನೇ ಜೇಬಿನ ಬಾಯಿ ಅಗಲಿಸಿ ಹಿಡಿದು ಇನ್ನೊಂದು ಕೈಯಿಂದ ಟಾರ್ಚನ್ನು ಒತ್ತಿ ಕೂರಿಸಿದ. ಬೆರಳಗಲದ ಜೇಬು, ಬಿಗಿ.

ಮೇಸ್ತ್ರಿ ತನ್ನ ಜೇಬು ನೋಡಿಕೊಂಡ. ಮೊದಮೊದಲ ಅಂಗಿಗಳಲ್ಲಿ ತನ್ನದೂ ಹಾಗೇ ಬಿಗಿಯಾಗಿತ್ತು. ಇತ್ತೀಚಿನ ಈ ಅಂಗಿಯಲ್ಲಿ ಜೇಬಿನ ಬಾಯಿ ಎರಡು ಬೆರಳಗಲ; ಓರೆಯಾಗಿ ಕತ್ತರಿಸಿ, ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿ, ಯಾವ ಕಡೆಯಿಂದ ಬಂದರೂ ಟಾರ್ಚ್ ಒಳಗೆ ಇಳಿಯುವಂತೆ ದರ್ಜಿ ಹೊಲಿದಿದ್ದ. ಅವನು ಟಾರ್ಚ್ ಎತ್ತಿದ. ಕೈ ಅದುರುತ್ತಿತ್ತು. ಟಾರ್ಚ್ ಅಂಚಿಗೂ ತಾಗದೆ ಸರಕ್ಕನೆ ಜೇಬಿನೊಳಗೆ ಇಳಿಯಿತು.