ಸದ್ದಿಲ್ಲದ ಟೈರು

ಹಾರನ್ ತಾತ ಅಂದರೆ ಊರಿಗೆಲ್ಲ ಗೊತ್ತು. ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ತಿರುವು ಕಂಡರೆ ಹಾರನ್, ದನ ಕಂಡರೆ ಹಾರನ್, ಏನೂ ಕಾಣದಿದ್ದರೆ ಬೇಜಾರು ಕಳೆಯಲು ಒಂದು ಹಾರನ್ ಹೊಡೆಯುತ್ತಿದ್ದ ಮನುಷ್ಯ. ನಿವೃತ್ತನಾಗಿ ಮನೆಯಲ್ಲಿ ಕೂತ ಮೊದಲ ವಾರದಲ್ಲೇ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ಜೋಡಿಸಿ, ಯಾವುದರಲ್ಲಿ ಏನಿದೆ ಎಂದು ದೇವರಿಗೂ ತಿಳಿಯದಂತೆ ಮಾಡಿಟ್ಟ. ಉಪ್ಪು ಹುಡುಕಿ ಹುಡುಕಿ ಸುಸ್ತಾದ ಮಗಳು, "ಅಪ್ಪಾ, ನಾಳೆಯಿಂದ ನನ್ನ ಜೊತೆ ಗಾಡೀಲಿ ಬಾ ಮಾರಾಯ" ಅಂದಳು. ತಾತ ಮರುದಿನ ಬೆಳಿಗ್ಗೆ ಅವಳಿಗಿಂತ ಮೊದಲೇ ಹೋಗಿ ಗಾಡಿಯಲ್ಲಿ ಕೂತಿದ್ದ.

ಮಗಳು ದನದ ಡಾಕ್ಟರು. ಅವಳ ಡೀಸೆಲ್ ಪಿಕಪ್ಪಿನ ಹಿಂದೆ ಔಷಧದ ಪೆಟ್ಟಿಗೆ, ಹಗ್ಗ, ಬಕೆಟ್ಟು, ರಬ್ಬರ್ ಬೂಟು, ಮುಂದೆ ಅಪ್ಪ. ಪೇಟೆ ದಾಟಿ, ಉದ್ದಕ್ಕೆ ಹೆದ್ದಾರಿ ಹಿಡಿದು, ಕೊನೆಗೆ ಗುಡ್ಡದ ಮೇಲಿನ ಕೊಟ್ಟಿಗೆಗಳಿಗೆ ಹೋಗುವ ಮಣ್ಣುದಾರಿಗೆ ಇಳಿಯಬೇಕು; ಅಲ್ಲಿ ಎತ್ತ ತಿರುಗಬೇಕೆಂದು ಅವಳು ಅಪ್ಪನನ್ನೇ ಕೇಳುತ್ತಿದ್ದಳು. ದಾರಿಯುದ್ದಕ್ಕೂ ಮಗಳು ಮಾತಾಡುತ್ತಿದ್ದಳು, ತಾತ ಹೂಂಗುಟ್ಟುತ್ತಿದ್ದ. ಆ ಸೀಟಿಗೆ ಬಂದಮೇಲೆ ಅವನ ಮುಖದಲ್ಲಿ ಕಳೆ ಬಂದಿತ್ತು, ಊಟ ಸೇರುತ್ತಿತ್ತು, ಡಬ್ಬಿಗಳೂ ಬದುಕಿಕೊಂಡಿದ್ದವು.

ಒಂದು ಸಂಗತಿ ಮಾತ್ರ ಮಗಳಿಗೆ ಗೊತ್ತಿರಲಿಲ್ಲ. ತಾತನ ಕಿವಿ ಮಂದವಾಗಿತ್ತು. ಹಳೆಯ ಬಸ್ಸುಗಳಲ್ಲಿ ಇಂಜಿನ್ನು ಡ್ರೈವರಿನ ಮಗ್ಗುಲಲ್ಲೇ ಕೂತು ಇಡೀ ದಿನ ಒದರುತ್ತದೆ. ಅದರ ಜೊತೆ ಆಯುಷ್ಯ ಕಳೆದವನ ಕಿವಿ ಇನ್ನೇನಾದೀತು? ಮನೆಯಲ್ಲಿ ಹೇಗೋ ನಡೆಯುತ್ತಿತ್ತು. ಗಾಡಿಯಲ್ಲಿ ಕಿಟಕಿ ಏರಿಸಿಕೊಂಡರೆ ಮುಕ್ಕಾಲು ಮಾತು ಸಿಗುತ್ತಿತ್ತು. ಉಳಿದ ಕಾಲು ಭಾಗವನ್ನು ಅವನು ಹೂಂ ಎಂಬ ಒಂದೇ ಅಕ್ಷರದಲ್ಲಿ ದಾಟಿಸುತ್ತಿದ್ದ. ಅದರಲ್ಲೂ ಬಗೆಗಳಿದ್ದವು: ಒಪ್ಪಿಗೆಯ ಹೂಂ, ಯೋಚನೆಯ ಹೂಂ, 'ಅಯ್ಯೋ ಪಾಪ' ಎನ್ನುವ ಹೂಂ. ಮಗಳ ಮುಖ ನೋಡಿ, ಆಯಾ ಹೊತ್ತಿಗೆ ತಕ್ಕದ್ದನ್ನು ತೆಗೆದು ಕೊಡುತ್ತಿದ್ದ. ಕೇಳಿಸಲಿಲ್ಲ ಎಂದು ಮಾತ್ರ ಬಾಯಿ ತಪ್ಪಿಯೂ ಹೇಳಿರಲಿಲ್ಲ. ದಾರಿ ತೋರಿಸಲೆಂದು ಕರೆದುಕೊಂಡು ಹೋಗುವವನಿಗೆ ಕಿವಿಯೇ ಕೇಳದು ಎಂದು ಗೊತ್ತಾದರೆ, ನಾಳೆಯಿಂದ ಮನೆಯಲ್ಲೇ ಇರಪ್ಪ ಅಂದುಬಿಡುತ್ತಾಳೆ ಎಂಬುದು ಅವನ ಲೆಕ್ಕ. ಮತ್ತೆ ಅದೇ ಗೋಡೆ, ಅದೇ ಡಬ್ಬಿ.

ಹೋದ ತಿಂಗಳು, ಮಳೆ ಹೊಯ್ದು ಬಿಟ್ಟ ಒಂದು ಬೆಳಿಗ್ಗೆ, ಗುಡ್ಡದ ಮೇಲೊಂದು ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಎಂದು ಫೋನ್ ಬಂತು. ಗುಡ್ಡಕ್ಕೆ ಎಡದಿಂದ ಹತ್ತಿರ, ಬಲದಿಂದ ಸುತ್ತು ಎಂದು ದಾರಿ ಕವಲೊಡೆಯುವಲ್ಲಿ ಮಗಳು ಏನೋ ಕೇಳಿದಳು. ಕಿಟಕಿಯಾಚೆ ನೋಡುತ್ತಿದ್ದ ತಾತ ಅಭ್ಯಾಸಬಲದಿಂದ ಒಪ್ಪಿಗೆಯ ಹೂಂ ಒಂದನ್ನು ಕೊಟ್ಟ. ಗಾಡಿ ಎಡಕ್ಕೆ ತಿರುಗಿತು, ಒಂದಿಷ್ಟು ದೂರ ಹೋಗಿ ಆಕ್ಸಲ್ಲಿನವರೆಗೆ ಕೆಸರಿನಲ್ಲಿ ಹೂತುಕೊಂಡಿತು. ಆಗ ತಾತನಿಗೆ ಹೊಳೆಯಿತು, ಎಡಗಡೆ ನೆಲ ಗಟ್ಟಿ ಇದೆಯಾ ಎಂದು ಅವಳು ಕೇಳಿದ್ದಳು. ನೆಲದ ಬಣ್ಣ ನೋಡಿಯೇ ಚಕ್ರ ನಿಲ್ಲುತ್ತದೋ ಮುಳುಗುತ್ತದೋ ಹೇಳಬಲ್ಲ ಮನುಷ್ಯ ಅವನು. ಆ ನೆಲ ದೂರದಿಂದಲೇ 'ಬರಬೇಡ' ಅನ್ನುತ್ತಿತ್ತು. ಟ್ರಾಕ್ಟರ್ ಬಂದು ಎಳೆದು ಹಾಕುವಷ್ಟರಲ್ಲಿ ಹೊತ್ತು ಮೀರಿತ್ತು. ಹಸು ಉಳಿಯಿತು. ಕರು ಉಳಿಯಲಿಲ್ಲ.

ವಾಪಸು ಬಂದ ಮಗಳು ಮನೆ ಮುಂದೆ ಗಾಡಿ ನಿಲ್ಲಿಸಿ ಇಳಿದು, ಸವೆದ ಟೈರನ್ನು ಬೂಟಿನಿಂದ ಒದ್ದಳು.

"ಈ ಟೈರಿಂದಾನೇ ಆಗಿದ್ದು. ದೊಡ್ಡ ಬಟನ್ನಿನ ಮಡ್ ಟೈರ್ ಹಾಕಿಸ್ತೀನಿ. ಇನ್ನೊಂದ್ಸಲ ಹೀಗಾಗ್ಬಾರ್ದು."

ತಪ್ಪು ಟೈರಿನ ತಲೆಗೆ ಹೋಯಿತಲ್ಲ ಎಂದು ತಾತ ಒಂದು ಗಳಿಗೆ ನಿಟ್ಟುಸಿರು ಬಿಟ್ಟ. ಮರುಗಳಿಗೆ ಇನ್ನೊಂದು ಹೊಳೆಯಿತು. ಮಡ್ ಟೈರ್ ಕೆಸರಿನಲ್ಲಿ ರಾಜ, ಸರಿ. ಆದರೆ ಡಾಂಬರಿನ ಮೇಲೆ ಅದು ಊಳಿಡುತ್ತದೆ. ಆ ಗದ್ದಲದಲ್ಲಿ ಮುಕ್ಕಾಲು ಮಾತಲ್ಲ, ಮೂರು ಮಾತೂ ಅವನಿಗೆ ಸಿಗುವುದಿಲ್ಲ.

ಅಂದಿನಿಂದ ತಾತ ಟೈರಿನ ವಿಷಯದಲ್ಲಿ ಹಟಕ್ಕೆ ಬಿದ್ದ. ತಿಂಡಿ ತಿನ್ನುವಾಗ ಶುರು, ಬಟ್ಟೆ ಮಡಿಸುವಾಗ ಶುರು. "ಮಡ್ ಟೈರ್ ಡೀಸೆಲ್ ಕುಡಿಯುತ್ತೆ ಕಣೇ ಪುಟ್ಟಿ." "ನೆಂದ ಡಾಂಬರಲ್ಲಿ ಬ್ರೇಕ್ ಹಾಕಿದ್ರೆ ಜಾರ್ಕೊಂಡು ಹೋಗಿ ನಿಲ್ಲುತ್ತೆ." "ದಿನಾ ಓಡಾಡೋದು ಹೆದ್ದಾರೀಲಿ, ಕೆಸರು ಸಿಗೋದು ಚೂರೇ ಚೂರು. ಆ ಚೂರಿಗೋಸ್ಕರ ದಿನಾ ಯಾಕೆ ಒದ್ದಾಡ್ತೀಯ? ಎರಡಕ್ಕೂ ಆಗೋ ಆಲ್ ಟೆರೈನ್ ಹಾಕ್ಸು." ಹೇಳಿದ್ದೆಲ್ಲ ನಿಜವೇ. ಹೇಳುತ್ತಿದ್ದ ಕಾರಣ ಮಾತ್ರ ಬೇರೆ, ಮತ್ತು ಅದು ಅವನನ್ನು ಒಳಗೊಳಗೇ ಚುಚ್ಚುತ್ತಿತ್ತು. ಮಗಳ ಹತ್ತಿರ ಅವನ ಬೇಳೆ ಬೇಯಲಿಲ್ಲ.

"ಅಪ್ಪಾ, ಕೆಸರು ಚೂರೇ ಇರಬಹುದು. ಕರು ಸತ್ತಿದ್ದು ಆ ಚೂರಲ್ಲೇ ತಾನೆ?"

ತಾತ ಆಗಷ್ಟೇ ಮಡಿಸಿದ್ದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸಿದ.

ಬಿಡುವಿನ ದಿನ ಇಬ್ಬರೂ ಟೈರ್ ಅಂಗಡಿಗೆ ಹೋದರು. ಅಂಗಡಿಯವನು ತಾತನ ಬಸ್ಸಿಗೇ ಟೈರ್ ಹಾಕುತ್ತಿದ್ದ ಹಳೆಯ ದೋಸ್ತ. ಹೊಟ್ಟೆ ಮುಂದೆ, ಮಾತು ಅದಕ್ಕಿಂತ ಮುಂದೆ. ಹೊಸ ರಬ್ಬರಿನ ವಾಸನೆಯ ನಡುವೆ ಎರಡು ಟೈರುಗಳನ್ನು ಉರುಳಿಸಿಕೊಂಡು ಬಂದು ಗೋಡೆಗೆ ಒರಗಿಸಿದ. ಒಂದರ ಮೈಮೇಲೆ ಎದ್ದ ಬಟನ್ನುಗಳು ಮುಷ್ಟಿಗಾತ್ರ, ನಡುವೆ ಬೆರಳು ಹೂಳುವಷ್ಟು ಸಂದು. ಇನ್ನೊಂದರಲ್ಲಿ ಬಟನ್ನುಗಳು ಸಣ್ಣವು, ಒತ್ತೊತ್ತಾಗಿ ಕೂತಿದ್ದವು.

"ನೋಡಿ ಡಾಕ್ಟರಮ್ಮ, ಇದು ಮಡ್ಡು. ಈ ದೊಡ್ಡ ಸಂದಿಂದ ಕೆಸರು ತಾನೇ ಉದುರಿ ಹೋಗುತ್ತೆ. ಇದು ಆಲ್ ಟೆರೈನು, ಎಲ್ಲಾ ಕಡೆ ಹೊಂದ್ಕೊಂಡು ಹೋಗೋ ಸ್ವಭಾವ, ನಮ್ಮನೆಯವಳ ಥರ."

"ನಿಮ್ಮ ಥರ ಇರೋದು ಯಾವುದು?" ಎಂದಳು ಮಗಳು.

"ಅದೋ ಅಲ್ಲಿ, ಮೂಲೇಲಿ ಬಿದ್ದಿದೆಯಲ್ಲ, ಪಂಕ್ಚರ್ ಆಗಿರೋದು," ಎಂದು ಅಂಗಡಿಯವನು ಹೊಟ್ಟೆ ಕುಲುಕಿಸಿ ನಕ್ಕ. ಆಮೇಲೆ ಬೀಗದ ಕೈ ಚಾಚಿದ. "ನನ್ನ ಗಾಡೀಲಿ ಮಡ್ ಟೈರೇ ಇದೆ. ಒಂದು ಸುತ್ತು ಹೋಗ್ಬನ್ನಿ. ಆಮೇಲೆ ಮಾತು."

ತಾತನಿಗೆ ಬೇಡವೆನ್ನಲು ನೆವ ಸಿಗಲಿಲ್ಲ. ಹತ್ತಿ ಕೂತ.

ಪೇಟೆಯೊಳಗೆ ಏನೂ ಅನ್ನಿಸಲಿಲ್ಲ. ಹೆದ್ದಾರಿಗೆ ಬಂದು ವೇಗ ಹಿಡಿಯುತ್ತಲೇ ಚಕ್ರಗಳು ಗೊರ್ರೋ ಎಂದು ಶುರುಮಾಡಿದವು. ಸದ್ದು ನೆಲದಿಂದ ಎದ್ದು, ಸೀಟಿಗೆ ಹತ್ತಿ, ತಾತನ ಹಲ್ಲಿಗೆ ಬಂದು ಕೂತಿತು. ಮಗಳ ತುಟಿ ಆಡುತ್ತಿತ್ತು. ತಾತ ಒಂದು ಹೂಂ ಕೊಟ್ಟ. ಅವಳು ಮತ್ತೆ ಏನೋ ಹೇಳಿದಳು; ದಾರಿ ನೋಡಿಕೊಂಡೇ, ನಿಧಾನಕ್ಕೆ, ಬಹಳ ಹೊತ್ತು ಹೇಳಿದಳು. ಕೊನೆಗೆ ಒಂದು ಪ್ರಶ್ನೆ ಕೇಳಿದವಳಂತೆ ಹುಬ್ಬು ಏರಿಸಿದಳು. ಟೈರಿನ ಗುಣಗಾನ ನಡೆದಿರಬೇಕು ಎಂದುಕೊಂಡ ತಾತ ತಲೆಯಾಡಿಸಿ, "ಹೂಂ, ನೀನು ಹೇಳೋದು ಸರಿ ಪುಟ್ಟಿ" ಅಂದ.

ಗಾಡಿ ರಸ್ತೆಯ ಅಂಚಿಗೆ ಸರಿದು ನಿಂತಿತು. ಇಂಜಿನ್ ಆರಿತು. ತಿರುಗಿ ನೋಡಿದರೆ ಮಗಳ ಕಣ್ಣು ತುಂಬಿತ್ತು.

"ಅಂದ್ರೆ ನಿನಗೂ ಹಾಗೇ ಅನ್ಸಿತ್ತು," ಎಂದಳು. ಈಗ ಪ್ರತಿ ಮಾತೂ ನಿಚ್ಚಳವಾಗಿ ಕೇಳುತ್ತಿತ್ತು. "ಟೈರಿಂದಲ್ಲ, ನನ್ನಿಂದಾನೇ ಕರು ಸತ್ತಿದ್ದು ಅಲ್ವಾ ಅಂತ ಕೇಳ್ದೆ. ಇಷ್ಟು ದಿನ ಯಾರ ಹತ್ರಾನೂ ಹೇಳಿರ್ಲಿಲ್ಲ. ಅಲ್ಲ ಕಣೇ ಅಂತೀಯ ಅಂದ್ಕೊಂಡಿದ್ದೆ ಅಪ್ಪಾ."

ಒಂದು ಕಡೆ ಆ ಸೀಟು. ಇನ್ನೊಂದು ಕಡೆ, ತನ್ನ ಹೂಂ ಒಂದನ್ನು ಎದೆಗೆ ಚುಚ್ಚಿಸಿಕೊಂಡು ಕೂತ ಮಗಳು. ಸುಮ್ಮನಿದ್ದರೆ ಸೀಟು ಉಳಿಯುತ್ತಿತ್ತು. ಆದರೆ ಚಿಕ್ಕವಳಿದ್ದಾಗ ಮಂಡಿ ತರಚಿಕೊಂಡು ಬಂದವಳ ಮುಖವೇ ಈಗಲೂ ಅಲ್ಲಿತ್ತು. ಆ ಮುಖದ ಮುಂದೆ ಕಾಗೆ ಹಾರಿಸುವುದು ಅವನಿಂದ ಆಗುವ ಕೆಲಸವಲ್ಲ.

"ಪುಟ್ಟಿ, ನೀನು ಕೇಳಿದ್ದು ನನಗೆ ಕೇಳಿಸ್ಲೇ ಇಲ್ಲ."

"ಏನು?"

"ಒಂದಕ್ಷರಾನೂ ಕೇಳಿಸ್ಲಿಲ್ಲ. ನನ್ನ ಕಿವಿ ಹೋಗಿದೆ ಕಣೇ. ಸುಮಾರು ದಿನದಿಂದ. ಅವತ್ತು ಕವಲುದಾರೀಲಿ ನೀನು ಎಡಗಡೆ ಗಟ್ಟಿ ಇದೆಯಾ ಅಂತ ಕೇಳಿದ್ದೂ ಕೇಳಿಸ್ಲಿಲ್ಲ. ಸುಮ್ನೆ ಹೂಂ ಅಂದುಬಿಟ್ಟೆ. ನೀನು ನನ್ನ ಮಾತು ನಂಬಿ ತಿರುಗಿಸ್ದೆ. ತಪ್ಪು ಟೈರಿಂದೂ ಅಲ್ಲ, ನಿಂದೂ ಅಲ್ಲ. ನಂದು."

ಪಕ್ಕದಲ್ಲಿ ಲಾರಿಯೊಂದು ಬೀಸಿಕೊಂಡು ಹೋಯಿತು, ಗಾಡಿ ಅಲುಗಿತು. ಮಗಳಿಗೆ ಸಿಟ್ಟು ಬಂತು. ಬರಬೇಕಾದದ್ದೇ, ಯಾರಿಗಾದರೂ ಬರುತ್ತದೆ.

"ಕೇಳಿಸ್ಲಿಲ್ಲ ಅಂತ ಹೇಳೋಕೆ ಏನಾಗಿತ್ತು ನಿನಗೆ? ಒಂದು ಮಾತು! ಒಂದು ತಿಂಗಳಿಂದ ನಿದ್ದೆಯಿಲ್ಲದೆ ಒದ್ದಾಡ್ತಿದೀನಿ ನಾನು!"

"ಹೇಳಿದ್ರೆ ಮನೇಲಿ ಕೂರಿಸ್ತೀಯಲ್ಲ," ಎಂದ ತಾತ. ಬಸ್ಸು ತುಂಬ ಜನರನ್ನು ಗದರಿಸುತ್ತಿದ್ದ ದನಿ ಅಂಗೈಯಷ್ಟಾಗಿತ್ತು. "ದಾರಿ ತೋರಿಸೋಕೆ ಬರೋನು ಕಿವುಡ ಆದ್ರೆ ಯಾಕೆ ಬೇಕು ನಿನಗೆ?"

ಮಗಳು ಕೆನ್ನೆ ಒರೆಸಿಕೊಂಡು ಅವನನ್ನು ದುರುಗುಟ್ಟಿ ನೋಡಿದಳು.

"ದಾರಿ ನನಗೆ ಗೊತ್ತಿಲ್ವಾ? ನೀನು ಬರೋಕೆ ಮುಂಚೆ ಎಷ್ಟು ವರ್ಷ ಒಬ್ಬಳೇ ಓಡಾಡಿಲ್ಲ? ಒಬ್ಬಳೇ ವಾಪಸ್ ಬರುವಾಗ, ಅವತ್ತು ಉಳಿಸೋಕಾಗ್ದೆ ಇರೋ ದನ ಪಕ್ಕದ ಸೀಟಲ್ಲೇ ಕೂತಿದೆ ಅನ್ಸ್ತಿತ್ತು. ನೀನು ಬಂದು ಕೂತ್ಮೇಲೆ ಅದಕ್ಕೆ ಜಾಗ ಇಲ್ಲ. ಅದಕ್ಕೇ ಕರ್ಕೊಂಡು ಹೋಗೋದು, ಪೆದ್ದಪ್ಪ."

ತಾತ ಮಗಳ ತಲೆಯ ಮೇಲೆ ಕೈಯಿಟ್ಟ. ಅವಳು ಹಾಗೇ ಅವನ ಭುಜಕ್ಕೆ ಒರಗಿ ಮೂಗು ಒರೆಸಿಕೊಂಡಳು, ಅವನ ಅಂಗಿಗೇ. ಅಂಗಿ ಹೊಸದಾಗಿತ್ತು. ಅವನು ಗೊಣಗಲಿಲ್ಲ.

ಅಂಗಡಿಗೆ ವಾಪಸು ಬಂದಾಗ ಅಂಗಡಿಯವನು, "ಮಡ್ಡೇ ತಾನೆ?" ಎಂದು ಜಾಕ್ ಉರುಳಿಸಿಕೊಂಡು ಬಂದ.

"ಆಲ್ ಟೆರೈನ್ ಹಾಕಿ. ನಾಲ್ಕಕ್ಕೂ, ಸ್ಟೆಪ್ನಿಗೂ," ಎಂದಳು ಮಗಳು. "ಡೀಸೆಲ್, ಬ್ರೇಕ್ ಅಂತ ಅಪ್ಪ ಹೇಳಿದ್ದೆಲ್ಲ ಸರಿಯಾಗೇ ಇತ್ತು. ಕೆಸರು ಬಂದ್ರೆ ಹಿಡಿತ ಸಿಗೋ ಹಾಗೆ ಟೈರಿನ ಗಾಳಿ ಇಳಿಸ್ಕೊಂಡು ಹೋಗ್ತೀವಿ. ತುಂಬಾ ಕೆಸರಿದ್ರೆ ಗಾಡಿ ಇಳಿಸೋದೇ ಇಲ್ಲ, ನಡ್ಕೊಂಡು ಹೋಗ್ತೀವಿ." ಆಮೇಲೆ ಅಪ್ಪನ ಕಡೆ ತಿರುಗಿ, ಮುಖಕ್ಕೆ ಮುಖ ಕೊಟ್ಟು, ಬಿಡಿಬಿಡಿಯಾಗಿ ಹೇಳಿದಳು: "ಟೈರ್ ನಾನು ಆರಿಸ್ದೆ. ಕಿವಿಗೆ ಹಾಕೋ ಮಿಷನ್ ನೀನು ಆರಿಸ್ಬೇಕು. ಇವತ್ತೇ."

"ಅದನ್ನ ಹಾಕ್ಕೊಂಡ್ರೆ ಮುದುಕನ ಥರ ಕಾಣ್ತೀನಿ."

"ಈಗೇನು ಮದುಮಗನ ಥರ ಕಾಣ್ತಿದೀಯ?" ಎಂದ ಅಂಗಡಿಯವನು, ಜಾಕ್ ಒತ್ತುತ್ತಾ. ತಾತ ಅವನನ್ನು ಬಾಯಿ ತುಂಬ ಬೈದ. ಬೈದದ್ದು ಅವನ ಅರ್ಧ ಗೆಲುವನ್ನು ವಾಪಸು ತಂದಿತು.

ಕಿವಿಯ ಮಿಷನ್ ಅಳತೆಗೆ ತಕ್ಕಂತೆ ಮಾಡಿ ಕೊಡಲು ಕೆಲವು ದಿನ ಬೇಕೆಂದರು. ಅಷ್ಟರಲ್ಲೇ ಮತ್ತೊಂದು ಮಳೆ ಹೊಯ್ದು, ಗುಡ್ಡದ ಮೇಲಿಂದ ಮತ್ತೊಂದು ಫೋನ್ ಬಂತು. ಹೊಸ ಟೈರುಗಳು ಹೆದ್ದಾರಿಯಲ್ಲಿ ತಮ್ಮ ಪಾಡಿಗೆ ತಾವು ಸಣ್ಣಗೆ ಗುನುಗಿಕೊಂಡು ಓಡಿದವು. ಕವಲುದಾರಿ ಬಂತು. ಮಗಳು ಗಾಡಿ ನಿಲ್ಲಿಸಿದಳು. ಇಂಜಿನ್ ಆರಿಸಿದಳು. ಸೀಟಿನಲ್ಲಿ ಪೂರ್ತಿ ತಿರುಗಿ ಕೂತು ಕೇಳಿದಳು.

"ಅಪ್ಪಾ, ಎಡಗಡೆ ನೆಲ ಗಟ್ಟಿ ಇದೆಯಾ?"

ಆ ನಿಶ್ಶಬ್ದದಲ್ಲಿ ತಾತನಿಗೆ ಪ್ರತಿಯೊಂದು ಅಕ್ಷರವೂ ಕೇಳಿಸಿತು. ಆದರೂ ಇಷ್ಟು ದಿನ ನಾಲಿಗೆಗೆ ಬಾರದೆ ಉಳಿದಿದ್ದ ಮಾತೊಂದು ಅವನ ಬಳಿ ಇತ್ತು, ಈಗ ಅದನ್ನು ಹೇಳಿ ನೋಡುವ ಆಸೆಯಾಯಿತು.

"ಕೇಳಿಸ್ಲಿಲ್ಲ ಕಣೇ. ಇನ್ನೊಂದ್ಸಲ ಹೇಳು."

ಮಗಳು ಬೇಸರವಿಲ್ಲದೆ ಇನ್ನೊಂದು ಸಲ ಕೇಳಿದಳು. ತಾತ ಬಾಗಿಲು ತೆಗೆದು ಇಳಿದ, ಎಡಗಡೆಯ ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆದು ಹಿಮ್ಮಡಿಯಿಂದ ನೆಲ ಒತ್ತಿದ. ಬೂಟು ಕಣಕಾಲಿನವರೆಗೆ ಇಳಿಯಿತು. ಅದನ್ನು ಕಿತ್ತುಕೊಂಡು ವಾಪಸು ಬಂದು, ಸೀಟು ಹತ್ತಿ, ಬಾಗಿಲು ಎಳೆದುಕೊಂಡ.

"ಉಹುಂ," ಎಂದ. "ಬಲಕ್ಕೆ ತಿರುಗಿಸು."